ಎಡ, ಬಲ, ಹಿಂದೆ

ಮೈದುನ ಶವದ ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ ಅರ್ಧ ಮೈ ತೂರಿಸಿ, ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎದೆಗೊತ್ತಿಕೊಂಡು, ಎಡಗೈಯಲ್ಲೇ ತಡಕಾಡುತ್ತಿದ್ದ. ವ್ಯಾನಿನ ಚಾಲಕ ಆಗಲೇ ಎರಡು ಸಲ ಗಡಿಯಾರ ನೋಡಿದ್ದ. ಅವಳು ಹೊರಗೆ, ಗಂಡನ ಹಳೆಯ ಮ್ಯೂಸಿಕ್ ಪ್ಲೇಯರನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

"ತೂತೇ ಇಲ್ಲ ಅತ್ತಿಗೆ," ಎಂದ ಮೈದುನ. "ಪ್ಲೇಯರಿನ ವೈರ್ ಚುಚ್ಚೋಕೆ ಜಾಗಾನೇ ಕೊಟ್ಟಿಲ್ಲ. ಬರೀ ರೇಡಿಯೋ. ಲೈಟರ್ ಸಾಕೆಟ್ಟೂ ಸುಟ್ಟು ಕೂತಿದೆ."

"ಈ ಗಾಡೀಲಿ ಹಾಡು ಕೇಳೋರು ಯಾರಿದಾರಮ್ಮ," ಎಂದ ಚಾಲಕ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಬೇರೆ ಕಡೆ ನೋಡಿದ.

ಒಳಗೆ ಮಲಗಿದ್ದವನು ಎದ್ದು ಬಂದಿದ್ದರೆ ಐದು ನಿಮಿಷದ ಕೆಲಸ. ಮೂವತ್ತು ವರ್ಷ ಕಾರುಗಳಿಗೆ ಸ್ಟೀರಿಯೋ ಕೂರಿಸಿದ ಕೈ ಅದು. ಜನ ಅವನನ್ನು ಸೌಂಡಣ್ಣ ಎಂದೇ ಕರೆಯುತ್ತಿದ್ದರು. ಅವನು ಮಾತಾಡಿದರೆ ಪಕ್ಕದಲ್ಲಿದ್ದವರಿಗೂ ನೆಟ್ಟಗೆ ಕೇಳುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅಂಥವನನ್ನು ಒಯ್ಯಲು ಇಂಥ ಗಾಡಿಯೇ ಬರಬೇಕೆ. ಹಣೆಬರಹ ಅಂದರೆ ಇದೇ ಇರಬೇಕು.

"ಅಮ್ಮ, ನೀನೇ ಅಪ್ಪನ ಪಕ್ಕ ಕೂತು ಹಾಡಿಬಿಡು," ಎಂದಳು ಮಗಳು. "ಅದ್ರಲ್ಲಿ ಇರೋದೂ ನಿನ್ನ ದನೀನೇ ತಾನೆ."

ಅವಳು ಬಾಯಿ ತೆರೆದಳು. ಬೆಳಗಿನಿಂದ ಕಟ್ಟಿಕೊಂಡಿದ್ದ ಗಂಟಲಿನಿಂದ ಹೂಂ ಅನ್ನುವಷ್ಟು ಸ್ವರವೂ ಹೊರಡಲಿಲ್ಲ.

*

ಮದುವೆಯಾದ ಎರಡನೆಯ ವರ್ಷ. ಒಂದೇ ಷಟರಿನ ಅಂಗಡಿ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ವೈರು. ಸ್ಪೀಕರುಗಳ ವೈರು ಅದಲು ಬದಲಾದರೆ ಎಡದ ಸದ್ದು ಬಲಕ್ಕೆ ಹೋಗುತ್ತದೆ. ಅದನ್ನು ಪರೀಕ್ಷಿಸಲು ಅವನಿಗೊಂದು ದನಿ ಬೇಕಿತ್ತು. ಗಿರಾಕಿಯೊಬ್ಬರ ಕಾರಿನಲ್ಲಿ ಅವಳನ್ನು ಕೂರಿಸಿ, ಗಾಜುಗಳನ್ನೆಲ್ಲ ಏರಿಸಿ ಮೈಕು ಹಿಡಿದ. ಅವರಿಗೆ ದಕ್ಕಿದ ಅತ್ಯಂತ ನಿಶ್ಶಬ್ದದ ಕೋಣೆ ಅದೇ.

"ಮೊದಲು ಎಡ ಅನ್ನು. ಆಮೇಲೆ ಬಲ. ಆಮೇಲೆ ಹಿಂದಿನ ಸ್ಪೀಕರಿಗೆ ಅಂತ ಏನಾದ್ರೂ ಹೇಳು."

"ಏನಂತ ಹೇಳ್ಲಿ?"

"ನಿಂಗೇನು ತೋಚುತ್ತೋ ಅದು."

ಅವಳು ನಗು ತಡೆದುಕೊಂಡು ಹೇಳಿದಳು. "ಎಡ. ಬಲ. ಹಿಂದೆ ಕೂತಿರೋರೇ, ಕೇಳಿಸ್ತಾ ಇದೆಯಾ?" ಅದಾದ ಮೇಲೆ ಅವನು ಕೈ ಎತ್ತಿ ಎರಡು ಕ್ಷಣ ಸುಮ್ಮನಿರಿಸಿದ, ಹಿಂದೆ ಕೂತವರು ಉತ್ತರ ಕೊಡಲಿ ಅಂತ. ಆಮೇಲೆ ಅವಳು ಬಟ್ಟೆ ಮಡಿಸುವಾಗ ಗುನುಗುವ ಹೆಸರಿಲ್ಲದ ಒಂದು ರಾಗ.

ಅಂದಿನಿಂದ ಅಂಗಡಿಗೆ ಬಂದ ಪ್ರತಿಯೊಂದು ಕಾರಿನಲ್ಲೂ ಅವಳ ದನಿ. "ಕಂಡಕಂಡವರ ಕಾರಲ್ಲಿ ನಾನು ಕೂಗ್ಬೇಕಾ? ಮಾನ ತೆಗೀತೀರಿ," ಎಂದು ಜಗಳವಾಡಿದ್ದಳು. ಅವನು ತಲೆ ಕೆರೆದುಕೊಂಡ, ಬಿಡಲಿಲ್ಲ. ಕ್ಯಾಸೆಟ್ ಹೋಗಿ ಡಿಸ್ಕ್ ಬಂತು, ಡಿಸ್ಕ್ ಹೋಗಿ ಈ ಪ್ಲೇಯರ್ ಬಂತು. ಹಾಡು ಸಾವಿರ ಬದಲಾದವು, ಟೆಸ್ಟಿಗೆ ಮಾತ್ರ ಅವಳೇ. ಆ ಎರಡು ಕ್ಷಣದ ಖಾಲಿ ಜಾಗ ಬಂದಾಗಲೆಲ್ಲ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದೇ "ಹೂಂ" ಅನ್ನುವುದು ಅವನಿಗೆ ಚಟವಾಗಿಬಿಟ್ಟಿತ್ತು.

ಹೋದ ವಾರ ಆಸ್ಪತ್ರೆಯಲ್ಲಿ ಅವಳ ಸೆರಗು ಜಗ್ಗಿ ಹತ್ತಿರ ಕರೆದಿದ್ದ. "ಕೊನೇ ಸಲ ಕರ್ಕೊಂಡ್ಹೋಗುವಾಗ ಅದನ್ನ ಹಾಕು. ಇಷ್ಟು ವರ್ಷ ಮುಂದೆ ಕೂತೇ ಟೆಸ್ಟ್ ಮಾಡಿದ್ದು. ಹಿಂದೆ ಹೇಗೆ ಕೇಳುತ್ತೆ ಅಂತ ನಂಗೆ ಗೊತ್ತೇ ಇಲ್ಲ."

"ಬಿಡ್ತು ಅನ್ನಿ," ಎಂದು ಗದರಿದ್ದಳು.

"ಬಿಡ್ತು," ಎಂದ ಅವನು, ವಿಧೇಯನಾಗಿ. ಅವಳು ಆಗಲಿ ಎಂದು ಹೇಳಲೇ ಇಲ್ಲ.

*

ಮೈದುನ ಅಂಗಡಿಗೆ ಓಡಿಹೋಗಿ ಹೆಬ್ಬೆರಳಿನಷ್ಟು ದಪ್ಪದ ಡಬ್ಬಿಯೊಂದನ್ನು ತಂದ. ಕಾರಿನ ಲೈಟರ್ ಸಾಕೆಟ್ಟಿಗೆ ಚುಚ್ಚಿ ಪ್ಲೇಯರಿನ ವೈರು ಸೇರಿಸಿದರೆ, ಅದೇ ಒಂದು ಪುಟ್ಟ ರೇಡಿಯೋ ಸ್ಟೇಷನ್ನು.

"ನಮ್ಮ ಕಾರಲ್ಲಿ ಹಾಕೋಣ, ವ್ಯಾನಿನ ರೇಡಿಯೋದಲ್ಲಿ ಬರುತ್ತೆ," ಎಂದ. "ಆದ್ರೆ ಕಾರು ವ್ಯಾನಿನ ಬಾಲ ಹಿಡ್ಕೊಂಡೇ ಬರ್ಬೇಕು ಅತ್ತಿಗೆ. ಹತ್ತು ಮಾರು ದಾಟಿದ್ರೆ ಕೈಕೊಡುತ್ತೆ."

ಕಾರು ಓಡಿಸುವವರು ಯಾರು? ಮೈದುನನ ಕೈ ಮುರಿದಿತ್ತು. ಮಗಳು ಕಲಿತಿರಲಿಲ್ಲ. ಆ ಹಳೆಯ ಕಾರಿನ ಕ್ಲಚ್ಚು ಮಾತು ಕೇಳುತ್ತಿದ್ದದ್ದು ಇಬ್ಬರದ್ದು ಮಾತ್ರ, ಅದರಲ್ಲೊಬ್ಬ ಮಲಗಿದ್ದ. ಕಾರು ಹತ್ತಿದರೆ ಅವನ ಪಕ್ಕದಲ್ಲಿ ಕೊನೆಯ ಸಲ ಕೂರುವುದು ತಪ್ಪುತ್ತದೆ. ಅವಳು ವ್ಯಾನಿನೊಳಗೆ ಬಗ್ಗಿ ಅವನ ಹಣೆ ಮುಟ್ಟಿದಳು.

"ನೀನು ಅಪ್ಪನ ತಲೆ ಹತ್ರ ಕೂತ್ಕೋ," ಎಂದಳು ಮಗಳಿಗೆ, ಒಡಕು ದನಿಯಲ್ಲಿ. "ಕೇಳಿಸ್ತಾ ಇದೆಯಾ ಅಂತ ಫೋನಲ್ಲಿ ಹೇಳ್ತಾ ಇರು."

ವ್ಯಾನು ಹೊರಟಿತು. ಅವಳು ಅದರ ಬಂಪರಿಗೆ ಮೂಗು ತಾಗುವಂತೆ ಕಾರು ಬಿಟ್ಟಳು. ಮುದಿ ಪ್ಲೇಯರು ಎಚ್ಚರಗೊಳ್ಳಲು ತನ್ನ ಹೊತ್ತು ತೆಗೆದುಕೊಂಡಿತು. ಬೀದಿ ದಾಟಿ ಮುಖ್ಯರಸ್ತೆಯ ಸಿಗ್ನಲ್ ಕಾಣುವ ಹೊತ್ತಿಗೆ ಕಾರಿನ ರೇಡಿಯೋದಲ್ಲಿ ದನಿ ಹುಟ್ಟಿತು. ಎಡ.

"ಬಂತಮ್ಮ, ಬಂತು," ಎಂದಳು ಮಗಳು, ಮೈದುನ ಹಿಡಿದಿದ್ದ ಫೋನಿನಲ್ಲಿ. "ಎಡ ಅಂತು. ಬಲಾನೂ ಬಂತು."

ಅಷ್ಟರಲ್ಲಿ ಅಡ್ಡರಸ್ತೆಯಿಂದ ನೀರಿನ ಟ್ಯಾಂಕರೊಂದು ಅವರಿಬ್ಬರ ನಡುವೆ ತೂರಿತು. ಅವಳು ಬ್ರೇಕ್ ತುಳಿದಳು. ವ್ಯಾನು ಸಿಗ್ನಲ್ ದಾಟಿತು, ಟ್ಯಾಂಕರ್ ನಿಂತಿತು, ದೀಪ ಕೆಂಪಾಯಿತು.

"ಅಮ್ಮ, ಈಗ ಬರೀ ಗೊರ್ ಅಂತಿದೆ."

"ನಿಲ್ಲಿಸೋಕೆ ಹೇಳು," ಎಂದ ಮೈದುನ.

"ಹೇಳ್ದೆ ಚಿಕ್ಕಪ್ಪ. ಇಲ್ಲಿ ನಿಲ್ಲಿಸೋ ಹಾಗಿಲ್ವಂತೆ. ಹಿಂದೆ ಬಸ್ಸಿನೋರು ಹಾರ್ನ್ ಹೊಡೀತಿದಾರೆ. ಡ್ರೈವರಿಗೆ ಹನ್ನೆರಡಕ್ಕೆ ಇನ್ನೊಂದು ಮನೆಗೆ ಹೋಗ್ಬೇಕಂತೆ."

ಮೈದುನ ಫೋನನ್ನು ಕಾರಿನ ಸ್ಪೀಕರಿಗೆ ಒತ್ತಿ ಹಿಡಿದ. "ಈಗ?"

"ಏನೂ ಗೊತ್ತಾಗ್ತಿಲ್ಲ. ಕೊರಕೊರ ಅಂತಿದೆ."

ಕಾರಿನೊಳಗೆ ಮಾತ್ರ ಅವಳ ಎಳೆಯ ದನಿ ಸ್ಫಟಿಕದಂತೆ ಹಾಡುತ್ತಿತ್ತು. ಮುಂದೆ ಟ್ಯಾಂಕರಿನ ಕೊಳಾಯಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಹಾರ್ನ್ ಒತ್ತಿದಳು. ಮತ್ತೆ ಒತ್ತಿದಳು. ಸ್ಟೇರಿಂಗಿಗೆ ಹಣೆಯಿಟ್ಟು ಅತ್ತಳು. ಮೈದುನ ಫೋನನ್ನು ಮಡಿಲಿಗೆ ಹಾಕಿ ಎಡಗೈಯನ್ನು ಎತ್ತಿ, ಎಲ್ಲಿಡಬೇಕೆಂದು ತೋಚದೆ ಮತ್ತೆ ತೊಡೆಯ ಮೇಲೆಯೇ ಇಟ್ಟುಕೊಂಡ.

ದೀಪ ಹಸಿರಾದ ಮೇಲೂ ಟ್ಯಾಂಕರು ದಾರಿ ಬಿಡಲಿಲ್ಲ. ಮುಂದೆ ಎಲ್ಲಿಯೂ ವ್ಯಾನು ಕಣ್ಣಿಗೆ ಬೀಳಲಿಲ್ಲ.

*

ಸ್ಮಶಾನದ ಗೇಟಿನ ಒಳಗೆ ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಚಾಲಕ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದ.

"ಒಳಗೆ ಇಳಿಸಿಕೊಂಡ್ಹೋದ್ರಮ್ಮ," ಎಂದ. "ನಿಮಗೋಸ್ಕರ ಕಾಯ್ತಿದಾರೆ. ರೇಡಿಯೋ ಮಾತ್ರ ಆರಿಸಿಲ್ಲ, ಮಗಳು ಆರಿಸಬೇಡಿ ಅಂದ್ರು. ಇಲ್ಲೀವರೆಗೂ ಹಾಗೇ ಗೊರಗುಡ್ತಾನೇ ಇತ್ತು."

ಅವಳು ಕಾರನ್ನು ವ್ಯಾನಿನ ಹಿಂದೆ, ಒಂದು ಮಾರು ದೂರದಲ್ಲಿ ನಿಲ್ಲಿಸಿದಳು. ಪ್ಲೇಯರಿನಲ್ಲಿ ರಾಗ ಮುಗಿದು ಮತ್ತೆ ಮೊದಲಿಗೆ ಬಂದಿತ್ತು. ವ್ಯಾನಿನ ಗೊರಗೊರ ಥಟ್ಟನೆ ನಿಂತಿತು.

"ಎಡ," ಎಂದಿತು ವ್ಯಾನು. "ಬಲ."

ಮೈದುನ ಗಾಬರಿಯಿಂದ ಪ್ಲೇಯರಿನ ಕಡೆ ಕೈ ಚಾಚಿದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಹಿಂದೆ ಕೂತಿರೋರೇ, ಕೇಳಿಸ್ತಾ ಇದೆಯಾ?"

ಆಮೇಲೆ ಆ ಎರಡು ಕ್ಷಣದ ಖಾಲಿ ಜಾಗ ಬಂತು. ತೆರೆದ ಬಾಗಿಲಿನಿಂದ ಒಳಗಿನ ಕಬ್ಬಿಣದ ಹಲಗೆ ಉದ್ದಕ್ಕೂ ಕಾಣುತ್ತಿತ್ತು, ಅದರ ಮೇಲೆ ಮಗಳು ಅವನ ತಲೆಯ ಹತ್ತಿರ ಮಡಿಸಿಟ್ಟಿದ್ದ ಟವೆಲ್ಲು ಹಾಗೇ ಉಳಿದಿತ್ತು.