ಓದಿದ್ದರಲ್ಲಿ ಉಳಿದದ್ದು

ಆಳಂದದ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಜಗದೇವಪ್ಪ ಬೆಳಗಿನ ಹರಾಜಿನ ಸವಾಲ ಕೂಗುತ್ತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರಿಗೂ ಆ ದಿನದ ಬದನೆಕಾಯಿ ರೇಟು ಗೊತ್ತಾಗುತ್ತಿತ್ತು. ಅಂಥ ದನಿ ಅವನದು. ಬುಟ್ಟಿ ಎತ್ತಿ ಹಿಡಿದು, ಕೊಳ್ಳುವವರನ್ನು ಹೆಸರು ಹಿಡಿದು ಕರೆದು, ಒಬ್ಬನನ್ನು ರೇಗಿಸಿ ಇನ್ನೊಬ್ಬನನ್ನು ಹೊಗಳಿ ಬೆಲೆ ಏರಿಸುತ್ತಿದ್ದ. ಮನೆಯಲ್ಲೂ ಅವನ ಮಾತೇ ಮಾತು. ಹೆಂಡತಿ ಕಸ್ತೂರಿಬಾಯಿ, “ನಿಮ್ಮ ಬಾಯಿಗೆ ಒಂದ್ ರಜಾ ಕೊಡ್ರಿ” ಅನ್ನುತ್ತಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಬಚ್ಚಲಲ್ಲಿ ಅವನಿಗೆ ಲಕ್ವ ಹೊಡೆಯಿತು. ಕಲಬುರಗಿಯ ದವಾಖಾನೆಯಲ್ಲಿ ಬಹಳ ದಿನ ಮಲಗಿದ್ದ. ಮನೆಗೆ ಬಂದಾಗ ಬಡಿಗೆ ಹಿಡಿದು ನಡೆಯುವಷ್ಟು ಕಾಲು ಬಂದಿತ್ತು. ಬಲಗೈ ಸೋತಿತ್ತು. ಮಾತು ಮಾತ್ರ ಎಲ್ಲೋ ದಾರಿ ತಪ್ಪಿಸಿಕೊಂಡಿತ್ತು. ನೀರು ಎನ್ನಲು ಹೋದರೆ ‘ಚಾವಿ’ ಎಂದು ಬರುತ್ತಿತ್ತು. ತಪ್ಪು ಎಂಬುದು ಅವನಿಗೇ ತಿಳಿಯುತ್ತಿತ್ತು. ಸಿಟ್ಟಿನಿಂದ ಮುಖ ಕೆಂಪಾಗುತ್ತಿತ್ತು. ಕಸ್ತೂರಿಬಾಯಿ ಅವಸರದಲ್ಲಿ, “ನೀರೇನ್ರಿ? ಊಟ ಏನ್ರಿ? ಫ್ಯಾನ್ ಹಚ್ಲೇನು?” ಎಂದು ಒಂದರ ಹಿಂದೊಂದು ಕೇಳುತ್ತಿದ್ದಳು. ಅವನು ಯಾವುದಕ್ಕೋ ತಲೆಯಾಡಿಸಿ ಸುಮ್ಮನಾಗುತ್ತಿದ್ದ.

ಯಾರಾದರೂ ನೋಡಲು ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದ. ಖಜೂರಿಯಿಂದ ಟೆಂಪೊದಲ್ಲಿ ಕಾಯಿಪಲ್ಲೆ ತರುವ ಮಸೂದ ಅವನ ಹಳೆಯ ಗೆಳೆಯ. ಅವನಿಗೂ ಅದೇ ಬಾಗಿಲು. ಮಸೂದ ಬೇಸರ ಮಾಡಿಕೊಳ್ಳದೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, “ಬರ್ತೇನಿ ವೈನಿ, ನಾಳಿ ಬರ್ತೇನಿ” ಎಂದು ಹೋಗುತ್ತಿದ್ದ.

ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಒಂದು ಉಪಾಯ ಹೇಳಿದಳು. “ದಿನಾ ಸ್ವಲ್ಪ ಗಟ್ಟಿಯಾಗಿ ಓದ್ರಿ. ಆಮ್ಯಾಲೆ ಪುಸ್ತಕ ಮುಚ್ಚಿ, ಓದಿದ್ದರಾಗ ಏನು ಉಳೀತು ಅದನ್ನ ಬರೀರಿ. ಒಂದ್ ಶಬ್ದ ಆದ್ರೂ ನಡೀತದ.”

ಜಗದೇವಪ್ಪ ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟಿದವನಲ್ಲ. ಮಗಳು ಶಾಂಭವಿ ಜೇವರ್ಗಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಶನಿವಾರ ಬರುವಾಗ ಅಲ್ಲಿನ ಲೈಬ್ರರಿಯಿಂದ ಮಕ್ಕಳ ಕಥೆಗಳ ಪುಸ್ತಕವನ್ನೂ ಒಂದು ದಪ್ಪ ನೋಟಬುಕ್ಕನ್ನೂ ತಂದಳು. ಚಿತ್ರವಿದ್ದ ಪುಸ್ತಕ ನೋಡಿ ಅವನಿಗೆ ಅವಮಾನವಾಯಿತು. ಪಕ್ಕಕ್ಕೆ ಸರಿಸಿದ.

“ಅಪ್ಪಾ, ನಾ ಸಣ್ಣಾಕಿ ಇದ್ದಾಗ ನನ್ನ ಮಗ್ಗಿ ತಪ್ಪಿದ್ರ ಏನಂತಿದ್ದಿ? ತಪ್ಪಿದ್ರ ಮತ್ತ ಹೇಳು, ಯಾರು ನಗಾಕತ್ತಾರ ನೋಡ್ತೇನಿ ಅಂತಿದ್ದಿ. ಈಗ ನಾ ಕುಂತೇನಿ. ಓದು.”

ಎಡಗೈಯಲ್ಲಿ ಪೆನ್ನು ಹಿಡಿದು ಆ ದಿನ ಅವನು ಬರೆದದ್ದು ಇಷ್ಟೇ: ‘ನರಿ. ಬಾವಿ. ಬಿತ್ತು.’ ಅಕ್ಷರಗಳು ಗೆರೆ ಬಿಟ್ಟು ಹೊರಗೆ ಓಡಿದ್ದವು. ಶಾಂಭವಿ ಕೆಳಗೆ ತಾರೀಖು ಹಾಕಿದಳು.

ಚಳಿಗಾಲ ಕಳೆಯುವುದರೊಳಗೆ ಶಬ್ದಗಳು ಸಾಲಾದವು. ಮಕ್ಕಳ ಕಥೆ ಮುಗಿದು ದೊಡ್ಡವರ ಕಥೆಗಳು ಬಂದವು. ಬರಬರುತ್ತ ಅವನಿಗೆ ಓದಿದ್ದನ್ನು ಬರೆಯುವುದಕ್ಕಿಂತ ಬರೆದವರ ಜೊತೆ ಜಗಳ ತೆಗೆಯುವುದೇ ರುಚಿಸತೊಡಗಿತು. ಒಂದು ಪುಟದಲ್ಲಿ ಹೀಗಿತ್ತು: ‘ಬರದಾಂವ ಎಂದೂ ಕಣ ನೋಡಿಲ್ಲ. ಆಷಾಢದಾಗ ತೊಗರಿ ರಾಶಿ ಮಾಡ್ಯಾನ.’ ಇನ್ನೊಂದರಲ್ಲಿ: ‘ಈ ಹುಡುಗಿ ಭಾಳ ಅಳ್ತಾಳ. ಊಟ ಯಾವಾಗ ಮಾಡ್ತಾಳೋ.’ ಶಾಂಭವಿ ಅದನ್ನು ಓದಿ ಬಿದ್ದು ಬಿದ್ದು ನಕ್ಕಳು. ಮಾರ್ಕೆಟ್ಟಿನ ಅಪ್ಪ ಆ ಸಾಲಿನಲ್ಲಿ ಕೂತಿದ್ದ.

ಒಂದು ಸಂಜೆ ಕಸ್ತೂರಿಬಾಯಿ ಗಿರಣಿಗೆ ಹೋಗಿದ್ದಾಗ ಮಸೂದ ಬಂದ. ಜಗದೇವಪ್ಪ ಪಡಸಾಲೆಯಲ್ಲೇ ಬರೆಯುತ್ತಿದ್ದ. ಏಳುವುದರೊಳಗೆ ಮಸೂದ ಎದುರಿಗೆ ಕೂತೇಬಿಟ್ಟ.

“ಇದೇನ್ ಲೇ ಜಗದೇವ, ಮತ್ತ ಸಾಲಿಗೆ ಹಾಕ್ಯಾರೇನು ನಿನಗ? ಏನ್ ಬರದೀ ಓದು. ನನಗ ಉರ್ದು ಬಿಟ್ರ ಬ್ಯಾರೆ ಅಕ್ಷರ ಬರಂಗಿಲ್ಲ.”

ಜಗದೇವಪ್ಪ ನೋಟಬುಕ್ ಮುಚ್ಚಿದ. ಮಸೂದ ಕದಲಲಿಲ್ಲ. ಹೊರಗೆ ಸೈಕಲ್ ಮೇಲೆ ಖಾರಿ ಬಿಸ್ಕತ್ತು ಮಾರುವವನು ಕೂಗಿಕೊಂಡು ಹೋದ. ಕೊನೆಗೆ ಜಗದೇವಪ್ಪನೇ ಪುಟ ತೆರೆದು, ಒಂದೊಂದು ಶಬ್ದಕ್ಕೂ ನಿಂತು ನಿಂತು ಓದಿದ. ಭೀಮಾ ದಂಡೆಯ ಒಬ್ಬ ಅಂಬಿಗನ ಕಥೆ ಅದು. ಹೊಳೆಗೆ ಬ್ರಿಜ್ ಕಟ್ಟುತ್ತಾರೆ, ದೋಣಿ ದಂಡೆಯಲ್ಲೇ ಉಳಿಯುತ್ತದೆ.

“ಹಂಗಾದ್ರ ಮುಂದ?” ಎಂದ ಮಸೂದ. “ಅಂಬಿಗ ಏನ್ ಮಾಡಿದ?”

“ನಾ... ನಾಳಿ,” ಎಂದ ಜಗದೇವಪ್ಪ.

ಅವತ್ತಿನಿಂದ ಬರೆಯುವ ರೀತಿ ಬದಲಾಯಿತು. ಸಂಜೆಗೆ ಮಸೂದ ಕೇಳುತ್ತಾನೆಂದು ಯಾರು ಬಂದರು, ಯಾರು ಹೋದರು, ಯಾಕೆ ಸಿಟ್ಟಾದರು ಎಂಬುದೆಲ್ಲ ನೋಟಬುಕ್ಕಿಗೆ ಇಳಿಯತೊಡಗಿತು. ಕಸ್ತೂರಿಬಾಯಿಯೂ ಪಲ್ಯದ ಸೊಪ್ಪು ಸೋಸುತ್ತ ಅಲ್ಲೇ ಕೂಡುತ್ತಿದ್ದಳು. ಅವನು ಶಬ್ದಕ್ಕೆ ತಡವರಿಸಿದರೆ ಮೊದಲಿನ ಹಾಗೇ ತಾನೇ ಹೇಳಿ ಮುಗಿಸಿಬಿಡುತ್ತಿದ್ದಳು.

ಬೇಸಿಗೆಯಲ್ಲಿ ಕುಂಬಾರರ ಅಜ್ಜಿಯೊಬ್ಬಳ ಕಥೆಯ ಕಾದಂಬರಿ ಬಂತು. ಮಸೂದನಿಗೆ ಆ ಅಜ್ಜಿ ಬಹಳ ಹಿಡಿಸಿದಳು. ಮಾರಲು ಕೂತಲ್ಲೇ ಗಡಿಗೆ ಬಡಿದು ತೋರಿಸುವಾಕೆ, ಚೌಕಾಸಿ ಮಾಡಿದವರನ್ನು ಬೈದು ಕಳಿಸುವಾಕೆ. “ನಮ್ಮವ್ವನ ಹಂಗ ಅದಾಳ ಬಿಡು,” ಎನ್ನುತ್ತಿದ್ದ. ಕಥೆಯ ಕೊನೆಗೆ ಅಜ್ಜಿ ಹಾಸಿಗೆ ಹಿಡಿಯುತ್ತಾಳೆ. ಮಾತು ನಿಲ್ಲುತ್ತದೆ. ಮಕ್ಕಳು ಅವಳ ಎದುರಿಗೇ ಪಾಲಿನ ಮಾತಾಡುತ್ತಾರೆ. ಆಕೆಯ ಒಳಗೆ ಎಲ್ಲವೂ ಆರಿಹೋಗಿತ್ತು, ಕೇಳಿಸಿಕೊಳ್ಳುವವರು ಒಳಗೆ ಯಾರೂ ಉಳಿದಿರಲಿಲ್ಲ ಎಂದು ಬರೆದು, ಬರೆದವರು ಅಜ್ಜಿಯನ್ನು ಸಾಯಿಸಿ ಕಥೆ ಮುಗಿಸಿದ್ದರು.

ಜಗದೇವಪ್ಪ ಪುಸ್ತಕವನ್ನು ಕಪಾಟಿನ ಮೇಲೆ ಎಸೆದ. ಅಂದು ಏನೂ ಬರೆಯಲಿಲ್ಲ. ಮರುದಿನವೂ ಇಲ್ಲ. ಮಸೂದ ಬಂದು, “ಅಜ್ಜಿ ಕಥಿ ಏನಾಯ್ತು?” ಎಂದರೆ ಗೋಡೆ ಕಡೆ ಮುಖ ತಿರುಗಿಸಿದ. ಮತ್ತೆ ಒಳಕೋಣೆಯ ಬಾಗಿಲು ಮುಂದಾಯಿತು. ಕಸ್ತೂರಿಬಾಯಿ ಗಾಬರಿಯಾಗಿ ಮಗಳಿಗೆ ಫೋನ್ ಮಾಡಿದಳು.

“ಇರ್ಲಿ ಅವ್ವ, ಒತ್ತಾಯ ಮಾಡಬ್ಯಾಡ. ಪುಸ್ತಕಾ ನೋಟಬುಕ್ಕಾ ಕೈಗೆ ಸಿಗೋ ಹಂಗ ಇಟ್ಟಿರು,” ಎಂದಳು ಶಾಂಭವಿ.

ಆ ವಾರದ ಒಂದು ಮಧ್ಯಾಹ್ನ ಕಸ್ತೂರಿಬಾಯಿ ಇಣುಕಿ ನೋಡಿದಾಗ ಅವನು ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದ. ಬೆವರು ಹಾಳೆಯ ಮೇಲೆ ಬೀಳುತ್ತಿತ್ತು. ಅವಳು ಸದ್ದು ಮಾಡದೆ ಸರಿದಳು. ಸಂಜೆ ಮಸೂದ ಬಂದಾಗ ಅವನೇ ಬಡಿಗೆ ಊರಿಕೊಂಡು ಪಡಸಾಲೆಗೆ ಬಂದ. ಮಸೂದ, ಕಸ್ತೂರಿಬಾಯಿ ಇಬ್ಬರಿಗೂ ಕೂಡಲು ಕೈಸನ್ನೆ ಮಾಡಿ ಓದತೊಡಗಿದ. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

‘ಅಜ್ಜಿ ಸತ್ತಳು. ಒಳಗ ಎಲ್ಲಾ ಆರಿತ್ತು ಅಂತ ಬರದಾರ. ಅದು ಸುಳ್ಳು. ದವಾಖಾನ್ಯಾಗ ನನಗ ಎಲ್ಲಾ ಕೇಳಸ್ತಿತ್ತು. ತಮ್ಮ ಅಂಬಾರಾಯ ಕಾಲಕಡೆ ನಿಂತು, ಮಾರ್ಕೆಟ್ಟಿನ ಜಾಗ ಇನ್ನ ಯಾರಿಗೆ ಕೊಡೂದು ಅಂತ ಕೇಳಿದ. ಮಸೂದ ಕೈ ಹಿಡಿದು ದುವಾ ಓದಿದ, ನಡುವ ಅತ್ತ. ಕಸ್ತೂರಿ ಹಣಿ ಒರಸಿ, ಎದ್ದು ಒಮ್ಮೆ ನನಗ ಬೈರಿ ಅಂದಳು. ನಾ ಬೈದೆ. ಒಳಗಿಂದ ಜೋರಾಗೇ ಬೈದೆ. ಆಕಿಗೆ ಕೇಳಲಿಲ್ಲ. ಅಜ್ಜಿನೂ ಮಕ್ಕಳಿಗೆ ಬೈದಿರಬೇಕು.’

ಮಸೂದ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. “ಕೇಳಿತ್ತೇನೋ ನಿನಗ?” ಎಂದ ಮೆಲ್ಲಗೆ. “ನನಗೇನ್ ಗೊತ್ತು ಲೇ. ನೀ ಮಲಗೀದಿ ಅಂತ ತಿಳ್ದಿದ್ದೆ.”

ಕಸ್ತೂರಿಬಾಯಿ ಎದ್ದು ಅಡುಗೆಮನೆಗೆ ಹೋದಳು. ನಳದ ನೀರು ಬಿಟ್ಟ ಸದ್ದಾಯಿತು. ಮುಖ ತೊಳೆದು, ಸೆರಗಿನಿಂದ ಒರೆಸಿಕೊಳ್ಳುತ್ತ ಬಂದು ಅವನ ಎದುರಿಗೆ ನಿಂತಳು.

“ಏನಂತ ಬೈದ್ರಿ?”

ಅವನು ಬಾಯಿ ತೆರೆದ. ಶಬ್ದ ಬರಲಿಲ್ಲ. ತುಟಿ ಕೂಡಿತು, ಬಿಚ್ಚಿತು. ಕಸ್ತೂರಿಬಾಯಿಗೆ ನಾಲಿಗೆ ತುದಿಯಲ್ಲಿ ಹತ್ತು ಶಬ್ದಗಳಿದ್ದವು. ಯಾವುದನ್ನೂ ಹೇಳದೆ ತಡೆದುಕೊಂಡಳು. ಮಸೂದ ಏನೋ ಹೇಳಲು ಹೋದಾಗ ಕೈ ಅಡ್ಡ ಹಿಡಿದಳು.

“ಮ... ಮಳ್ಳಿ,” ಎಂದ ಜಗದೇವಪ್ಪ. “ಮಳ್ಳಿ, ಅಳ... ಅಳಬ್ಯಾಡ.”

“ಅಷ್ಟೇನಾ?” ಎಂದು ಅವಳು ನಕ್ಕಳು. ನಗುತ್ತಲೇ ಮತ್ತೆ ಕಣ್ಣು ಒರೆಸಿಕೊಂಡಳು.

ಆಮೇಲೆ ಆ ಮನೆಯಲ್ಲಿ ಒಂದು ಪದ್ಧತಿ ಆಯಿತು. ಅವನ ಮಾತನ್ನು ಯಾರೂ ಮುಗಿಸುವಂತಿಲ್ಲ. ಅಂಬಾರಾಯ ಬಂದು, ಅಣ್ಣನನ್ನು ಬಿಟ್ಟು ಅತ್ತಿಗೆಯನ್ನು, “ಅಣ್ಣ ಈಗ ಹೆಂಗದಾನ?” ಎಂದು ಕೇಳಿದರೆ, “ಅವರು ಎದುರಿಗೇ ಕುಂತಾರ. ಅವರನ್ನೇ ಕೇಳಪ್ಪಾ, ಜಲ್ದಿ ಮಾಡಬ್ಯಾಡ,” ಎಂದಳು ಕಸ್ತೂರಿಬಾಯಿ. ಅಂಬಾರಾಯ ತಲೆ ತಗ್ಗಿಸಿ ಅಣ್ಣನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ. ಹೋಗುವಾಗ, ಮಾರ್ಕೆಟ್ಟಿನ ಜಾಗ ನಿನ್ನದೇ ಅಣ್ಣಾ, ಕೆಲಸದ ಹುಡುಗರು ನಡೆಸಲಿ, ನೀ ಬಂದು ಕೂಡು ಎಂದ.

ದನಿ ಮೊದಲಿನಂತೆ ಬರುವುದಿಲ್ಲ ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದಳು. ಜಗದೇವಪ್ಪನಿಗೆ ಅದರಿಂದ ನೋವಾಯಿತು. ಎರಡು ಸಲ ಮಾರ್ಕೆಟ್ಟಿಗೆ ಹೋಗಿ ಬೇರೆಯವರ ಸವಾಲ ಕೇಳಿ ಬೇಗ ಎದ್ದು ಬಂದ. ಮೂರನೆಯ ಸಲ ಪುಸ್ತಕ ತೆಗೆದುಕೊಂಡು ಹೋಗಿ, ಗದ್ದಲದ ನಡುವೆ ಈರುಳ್ಳಿ ಚೀಲಕ್ಕೆ ಬೆನ್ನು ಕೊಟ್ಟು ಓದುತ್ತ ಕೂತ. ಅಂದು ಮಧ್ಯಾಹ್ನದ ತನಕ ಇದ್ದ.

ಮುಂಗಾರು ಹಿಡಿದಾಗ ಶಾಂಭವಿ ಇಟ್ಟಿಗೆಯಷ್ಟು ದಪ್ಪದ ಕಾದಂಬರಿ ತಂದಳು. ಒಂದು ಮನೆತನದ ನಾಲ್ಕು ತಲೆಮಾರಿನ ಕಥೆ. ಮಸೂದ ಅದನ್ನು ಕೈಯಲ್ಲಿ ತೂಗಿ ನೋಡಿ, “ಇದು ಮುಗಿಯೋತನಕ ನಾ ಮುದುಕ ಆಗ್ತೇನಿ. ಶುರು ಮಾಡಪ್ಪಾ,” ಎಂದ. ಜಗದೇವಪ್ಪ ಆ ದಿನ ಬರೆದದ್ದನ್ನು ತೆರೆದು, ಗಂಟಲು ಸರಿ ಮಾಡಿಕೊಂಡು ಓದಿದ:

‘ಮಂದಿ ಭಾಳ ಅದಾರ. ಇನ್ನ ಯಾರ ಪರಿಚಯನೂ ಸರಿಯಾಗಿ ಆಗಿಲ್ಲ.’