ಗುಡಿ ಸುತ್ತಿದ ಹೆಡ್‌ಫೋನ್ ಕೇಬಲ್

ಕಂಪನಿಯ ಕೇಬಲ್ಲಿಗೆ ಐದು ಸಾವಿರದ ನಾನೂರು ರೂಪಾಯಿ. ಉದ್ದ ನಾಲ್ಕು ಅಡಿ.

"ಈ ದುಡ್ಡಿಗೆ ಒಂದು ರೇಷ್ಮೆ ಸೀರೆ ಬರುತ್ತೆ ಕಣ್ರೀ. ಅದು ಹದಿನೆಂಟು ಅಡಿ ಇರುತ್ತೆ," ಎಂದಳು ಸೀತಮ್ಮ.

"ಅದಕ್ಕೇ ನಾನೇ ಮಾಡ್ಕೋತೀನಿ," ಎಂದ ಅವಳ ಗಂಡ ಚಕ್ರಪಾಣಿ.

ಅವನು ಒಪ್ಪಿಸಿದ ಲೆಕ್ಕ ಹೀಗಿತ್ತು. ನಾಲ್ಕು ಎಳೆಯ ವೈರು ಒಂದು ಸುರುಳಿಗೆ ಸಾವಿರದ ಎಂಟುನೂರ ಐವತ್ತು. ರೇಡಿಯೋಗೆ ಚುಚ್ಚುವ ಜಾಕು ನೂರ ಎಂಬತ್ತು. ಎರಡು ಕಿವಿಗೆ ಎರಡು ಪುಟ್ಟ ಪಿನ್ನು ನಾನೂರ ಇಪ್ಪತ್ತು. ಬೆಸುಗೆ ಕಡ್ಡಿ ಮುನ್ನೂರ ಐವತ್ತು, ಬೆಸುಗೆ ತಂತಿ ನೂರ ಅರವತ್ತು. ಒಟ್ಟು ಎರಡು ಸಾವಿರದ ಒಂಬೈನೂರ ಅರವತ್ತು. "ಅರ್ಧಕ್ಕರ್ಧ ಉಳೀತು ನೋಡು," ಎಂದು ಅವನು ಮೀಸೆ ತಿರುವಿದ.

ಸೀತಮ್ಮ ಆ ಲೆಕ್ಕವನ್ನು ಮನಸ್ಸಿನಲ್ಲೇ ಮುಂದುವರಿಸಿದಳು. ವೈರು, ಪಿನ್ನು ಸಿಗುವ ಎಸ್.ಪಿ. ರೋಡಿಗೆ ಎರಡು ಸಲ ಹೋಗಿ ಬಂದ ಆಟೋ ಆರುನೂರ ನಲವತ್ತು. ಮೊದಲು ತಂದ ಪಿನ್ನು ಹೆಡ್‌ಫೋನಿನ ತೂತಿನಲ್ಲಿ ಕೂರದೆ ಮತ್ತೆ ತಂದದ್ದು ನಾನೂರ ಇಪ್ಪತ್ತು. ಹೋದಾಗಲೆಲ್ಲ ತಿಂದ ತಿಂಡಿ ಮುನ್ನೂರ ಹತ್ತು. ಮನೆಯಲ್ಲೊಂದು ಇರಲಿ ಅಂತ ಕೊಂಡ ಕರೆಂಟು ಅಳೆಯುವ ಮೀಟರು ಎಂಟುನೂರ ಐವತ್ತು. ನಾಲ್ಕು ಕಡೆ ಸುಟ್ಟ ಊಟದ ಮೇಜಿನ ಬಟ್ಟೆ ಏಳುನೂರು. ಎಲ್ಲ ಕೂಡಿದರೆ ಐದು ಸಾವಿರದ ಎಂಟುನೂರ ಎಂಬತ್ತು. ಕೇಬಲ್ ಎರಡು ಕವಲಾಗುವ ಕಡೆ ಹೊದಿಸಲು ಅವನು ಎಳೆದುಕೊಂಡ ಅವಳ ಲಂಗದ ಲಾಡಿ ಇದರಲ್ಲಿ ಸೇರಿಲ್ಲ.

ಅವಳು ಈ ಲೆಕ್ಕವನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾದದ್ದು ಬೇರೆ ಇತ್ತು. ಅವಳ ಬಲಗಣ್ಣಿಗೆ ಪೊರೆ ಬಂದಿತ್ತು. ಬರುವ ಗುರುವಾರ ಜಯನಗರದ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್. ಕರೆದುಕೊಂಡು ಹೋಗಲು ಬಿಟಿಎಂ ಲೇಔಟಿನಿಂದ ಮಗಳು ಸುರಭಿ ಬರುತ್ತೇನೆಂದಿದ್ದಳು. ಆದರೆ ಸೀತಮ್ಮನಿಗೆ ಒಳಗೊಳಗೇ ಪುಕುಪುಕು. ಕಣ್ಣಿಗೆ ಕತ್ತರಿ ಹಾಕುವ ಹೊತ್ತಿಗೆ ಬಾಗಿಲಾಚೆ ಗಂಡ ಕೂತಿರಬೇಕು ಅನ್ನುವುದು ಅವಳ ಆಸೆ. ಅದನ್ನು ಸಾರು ಬಡಿಸುವಾಗ ಹೇಳಿದ್ದಳು, ಹಾಸಿಗೆ ಕೊಡವುವಾಗ ಹೇಳಿದ್ದಳು, ಅವನು ಹಲ್ಲುಜ್ಜುವಾಗ ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದ್ದಳು. ಎಲ್ಲದಕ್ಕೂ ಅವನು "ಹೂಂ" ಅಂದಿದ್ದ.

ಅನುಮಾನವಾಗಿ ಅವಳು ಪರೀಕ್ಷೆ ಮಾಡಿದ್ದಳು. "ಗುರುವಾರ ಏನಿದೆ, ಹೇಳಿ ನೋಡೋಣ?"

"ಪಿಟೀಲು ಕಛೇರಿ," ಎಂದಿದ್ದ.

ಚಕ್ರಪಾಣಿ ಟೆಲಿಫೋನ್ ಇಲಾಖೆಯಲ್ಲಿ ಲೈನು ಎಳೆಯುತ್ತ ಎಳೆಯುತ್ತ ನಿವೃತ್ತನಾದವನು. ಯಡಿಯೂರಿನ ಆ ಮನೆಯ ಹಾಲಿನಲ್ಲಿ ಅವನದೊಂದು ಹಳೆಯ ರೇಡಿಯೋ ಇತ್ತು. ಅದರ ಜೊತೆಗೆ ಆಂಪ್ಲಿಫೈಯರು, ಬೀದಿಯ ರಾಜ್ಯೋತ್ಸವಕ್ಕೆ ಬಳಸುತ್ತಿದ್ದ ಮೈಕು. ಸಂಜೆಯ ಕಛೇರಿಗೆ ಕಿಟಕಿಯ ಗಾಜು ಅದುರುತ್ತಿತ್ತು. ತಾಯಿಯ ಕಿವಿ ಉಳಿಯಲಿ ಎಂದು ಸುರಭಿ ಅಪ್ಪನಿಗೆ ಒಳ್ಳೆಯ ಹೆಡ್‌ಫೋನ್ ತಂದುಕೊಟ್ಟಳು. ಗಾಜು ಅದುರುವುದು ನಿಂತಿತು. ಅದರ ಜೊತೆಗೆ, ಮೊದಲು ಅಷ್ಟೋ ಇಷ್ಟೋ ಕೇಳಿಸುತ್ತಿದ್ದ ಸೀತಮ್ಮನ ಮಾತೂ ನಿಂತಿತು. ಆಮೇಲೊಂದು ದಿನ ಅವನು ಉಯ್ಯಾಲೆಯಲ್ಲಿ ಕೂತು ತಾಳ ಹಾಕುವಾಗ ಕೇಬಲ್ ಸರಪಳಿಗೆ ಸಿಕ್ಕಿ ತುಂಡಾಯಿತು. ಸೀತಮ್ಮ ಅಂದು ಪಾಯಸ ಮಾಡಿದ್ದಳು. ಯಾಕೆಂದು ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊಸ ಕೇಬಲ್ ಊಟದ ಮೇಜಿನ ಮೇಲೆ ತಯಾರಾಯಿತು. ಬೆಸುಗೆಯ ಹೊಗೆ ಥೇಟ್ ಸಾಂಬ್ರಾಣಿಯ ಹಾಗೆ ಘಮಘಮ ಅಂದಿತು. ಪಕ್ಕದ ಮನೆಯ ಕಾತ್ಯಾಯಿನಿ ಮಡಿ ಸೀರೆ ಉಟ್ಟು, ಕೈಯಲ್ಲಿ ಹೂವು ಹಿಡಿದು ಬಂದಳು.

"ಏನು ಪೂಜೆ ಸೀತಮ್ಮ? ಒಂದು ಮಾತು ಹೇಳ್ಬಾರ್ದಾ?"

"ವೈರಿನ ಪೂಜೆ. ಬಾ, ಕೂತ್ಕೋ. ಪ್ರಸಾದ ಇಲ್ಲ, ಕಾಫಿ ಇದೆ."

ವೈರಿನ ಸುರುಳಿ ನೂರು ಮೀಟರಿನದು. ಒಂದು ತುದಿಗೆ ಜಾಕು ಹಾಕಿ, ಇನ್ನೊಂದು ತುದಿಯನ್ನು ಎರಡು ಕವಲು ಮಾಡಿ ಪಿನ್ನು ಹಾಕಿದ ಚಕ್ರಪಾಣಿ, ಕೆಲಸ ಮುಗಿಯಿತೆಂದು ಕೈ ಒರೆಸಿಕೊಂಡ.

"ರೀ, ಕತ್ತರಿಸೋದು ಮರೆತ್ರಿ," ಎಂದಳು ಸೀತಮ್ಮ.

"ಯಾಕೆ ಕತ್ತರಿಸ್ಬೇಕು?"

"ಉಯ್ಯಾಲೆಯಿಂದ ರೇಡಿಯೋಗೆ ನಾಲ್ಕು ಅಡಿ ಅಲ್ವಾ?"

"ಇವತ್ತು ನಾಲ್ಕು ಅಡಿ. ನಾಳೆ?" ಎಂದು ಅವನು ಕಣ್ಣರಳಿಸಿದ. "ಲೈನ್ ಎಳೆಯೋನು ಮಿಕ್ಕಿದ್ದನ್ನ ಸುರುಳಿ ಸುತ್ತಿ ಕಂಬಕ್ಕೆ ನೇತುಹಾಕ್ತಾನೆಯೇ ಹೊರತು ಕತ್ತರಿಸಲ್ಲ ಕಣೇ. ಕತ್ತರಿಸಿದ್ರೆ ಮುಂದೆ ಜಾಯಿಂಟು ಹಾಕ್ಬೇಕಾಗುತ್ತೆ. ಜಾಯಿಂಟು ಅಂದ್ರೆ ದರಿದ್ರ. ನನ್ನ ಸರ್ವೀಸಲ್ಲಿ ಒಂದು ಗೇಣು ವೈರು ದಂಡ ಮಾಡಿಲ್ಲ."

ಹೀಗೆ ಯಡಿಯೂರಿನಲ್ಲಿ ನೂರು ಮೀಟರಿನ ಹೆಡ್‌ಫೋನ್ ಕೇಬಲ್ ಒಂದು ತಯಾರಾಯಿತು. ಅಷ್ಟು ಉದ್ದಕ್ಕೆ ಸದ್ದು ಸೊರಗುತ್ತದೆಂದು ಅವನು ಜಾಕನ್ನು ರೇಡಿಯೋಗೆ ಸೇರಿದ್ದ ಆಂಪ್ಲಿಫೈಯರಿಗೆ ಚುಚ್ಚಿ, ಅದರ ಗುಂಡಿಯನ್ನು ಪೂರ್ತಿ ತಿರುಗಿಸಿದ. ಸುರುಳಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದ. ಸಿಕ್ಕಿಸಿದ ಮೇಲೆ ಉಯ್ಯಾಲೆಯಲ್ಲೇ ಯಾಕೆ ಕೂತಿರಬೇಕು? ಮೊದಲ ದಿನ ಗೇಟಿನವರೆಗೆ ಹೋದ. ಮರುದಿನ ಮೂಲೆಯ ಹಾಲಿನ ಬೂತಿಗೆ ಹೋಗಿ, ಹಿಂದೆ ಕೇಬಲ್ ಬಿಚ್ಚಿಕೊಳ್ಳುತ್ತಿದ್ದ ಹಾಗೆಯೇ ಕೇದಾರಗೌಳ ರಾಗ ಕೇಳುತ್ತ ಮೊಸರು ತಂದ.

ಬೀದಿ ಎರಡೇ ದಿನದಲ್ಲಿ ಹೊಂದಿಕೊಂಡಿತು. ಕೇಬಲ್ ರಸ್ತೆ ದಾಟುವ ಕಡೆ ಕಾತ್ಯಾಯಿನಿ ಬಟ್ಟೆ ಒಣಗಿಸುವ ಕೋಲಿನಿಂದ ಅದನ್ನು ಎತ್ತಿ ಹಿಡಿದರೆ ಸ್ಕೂಟರಿನವರು ತಲೆ ತಗ್ಗಿಸಿ ಹೋಗುತ್ತಿದ್ದರು. ತರಕಾರಿ ಗಾಡಿಯ ಯಲ್ಲವ್ವ ಅದಕ್ಕೆ ಕರಿಬೇವಿನ ಕಟ್ಟುಗಳನ್ನು ನೇತುಹಾಕತೊಡಗಿದಳು.

"ಯಲ್ಲವ್ವ, ಅದು ಸಂಗೀತ ಹೋಗೋ ತಂತಿ," ಎಂದು ಚಕ್ರಪಾಣಿ ಗದರಿದ.

"ಹೋಗಲೇಳ್ರಿ ಅಜ್ಜಾರ. ಅದರ ದಾರಿಗೆ ನನ್ನ ಕರಿಬೇವು ಏನ್ ಅಡ್ಡ ಬರ್ತೈತ್ರಿ?"

ಸೀತಮ್ಮನೂ ಒಂದು ಅನುಕೂಲ ಕಂಡುಕೊಂಡಳು. ಕೂಗಿ ಕರೆದರೆ ಬಾರದ ಗಂಡ ಕೇಬಲ್ ಎಳೆದರೆ ಬರುತ್ತಿದ್ದ. ಒಂದು ಎಳೆತಕ್ಕೆ ಕಾಫಿ, ಎರಡಕ್ಕೆ ಊಟ. ಬಂದು ಕಾಫಿ ಕುಡಿಯುತ್ತಿದ್ದ, ಊಟ ಮಾಡುತ್ತಿದ್ದ. ಹೆಡ್‌ಫೋನ್ ಮಾತ್ರ ಕಿವಿಯಲ್ಲೇ. ಕಣ್ಣಿನ ಮಾತನ್ನು ಎಷ್ಟು ಸಲ ಎಳೆದು ಹೇಳುವುದು?

ಗುರುವಾರಕ್ಕೆ ಎರಡು ದಿನ ಮೊದಲು ಸಂಕಷ್ಟಿ ಬಂತು. ರಸ್ತೆಯ ಕೊನೆಯಲ್ಲಿ ಪುಟ್ಟ ಗಣಪತಿ ಗುಡಿ. ಸಂಜೆ ಜನ ಸೇರಿದ್ದರು. ಕಛೇರಿಯೂ ಸಂಜೆಯೇ. ಎರಡೂ ತಪ್ಪಬಾರದೆಂದು ಚಕ್ರಪಾಣಿ ಹೆಡ್‌ಫೋನ್ ಹಾಕಿಕೊಂಡೇ ಹೊರಟ. ಸೀತಮ್ಮ ಮನೆಯಲ್ಲೇ ಉಳಿದಳು. ಹೊತ್ತು ಇಳಿದರೆ ಅವಳಿಗೆ ಮೆಟ್ಟಿಲು ಕಾಣುತ್ತಿರಲಿಲ್ಲ. ಕಿಟಕಿಯ ಸುರುಳಿ ಗಿರಗಿರನೆ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕೂತಳು. ಒಮ್ಮೆ ನಿಂತಿತು. ಮತ್ತೆ ನಿಧಾನವಾಗಿ ಬಿಚ್ಚಿತು, ಇನ್ನಷ್ಟು ಬಿಚ್ಚಿತು, ಕೊನೆಗೆ ಬರಿಯ ಚಕ್ರ ಉಳಿದು ವೈರು ಹೆದೆಯಂತೆ ಬಿಗಿಯಾಯಿತು.

ಅಷ್ಟರಲ್ಲಿ ಯಲ್ಲವ್ವ ಗೇಟು ತಳ್ಳಿಕೊಂಡು ಓಡಿಬಂದಳು.

"ಅಮ್ಮಾರ, ನಿಮ್ಮ ಯಜಮಾನ್ರು ಗುಡಿಗೆ ಸುತ್ತಿಕೊಂಡಾರ್ರಿ!"

"ಸುತ್ಕೊಳ್ಳೋದು ಅಂದ್ರೆ?"

"ಮೂರು ಸುತ್ತು ಪ್ರದಕ್ಷಿಣಿ ಹಾಕಿದ್ರು. ವೈರು ಮೂರು ಸುತ್ತು ಗುಡಿಗೆ ಕೂತೈತಿ. ಬಾಗಿಲಿಗೆ ಅಡ್ಡ ಮೂರು ಎಳಿ. ಒಳಗಿನವರು ಹೊರಗ ಬರಂಗಿಲ್ಲ, ಹೊರಗಿನವರು ಒಳಗ ಹೋಗಂಗಿಲ್ಲ."

"ಬಂದ ಹಾಗೇ ವಾಪಸ್ ಸುತ್ತಿದ್ರಾಯ್ತಲ್ಲ!"

"ಭಟ್ಟರು ಒಪ್ಪವಲ್ಲರು. ಎಡಕ್ಕ ಸುತ್ತಿದರ ಅಪ್ರದಕ್ಷಿಣಿ ಆಕ್ಕೈತಂತ. ಸಂಕಷ್ಟಿ ದಿನ ಬೀದಿಗೇ ಕೆಟ್ಟದಂತ."

ಹಿಂದೆಯೇ ಕಾತ್ಯಾಯಿನಿಯೂ ಏದುಸಿರು ಬಿಡುತ್ತ ಬಂದಳು. ಗುಡಿಯ ಮುಂದೆ ನಡೆಯುತ್ತಿದ್ದ ಸಭೆಯ ವರದಿ ಅವಳ ಬಳಿ ಇತ್ತು. ಕತ್ತರಿಸೋಣ ಎಂದರೆ ಚಕ್ರಪಾಣಿ ಮೈಮೇಲೆ ಬಂದವನ ಹಾಗೆ ಆಡುತ್ತಾನೆ. ಮನೆಯ ಕಡೆ ಜಾಕು ಕಿತ್ತು ಎಳೆದುಕೊಳ್ಳೋಣ ಎಂದರೆ, ಕಛೇರಿ ಮುಗಿಯುವವರೆಗೆ ಯಾರೂ ಕೈ ಹಚ್ಚಕೂಡದು ಎನ್ನುತ್ತಾನೆ, ಈಗ ರಾಗ ಶುರುವಾಗಿದೆಯಂತೆ.

"ನಾನೊಂದು ಉಪಾಯ ಹೇಳ್ದೆ ಸೀತಮ್ಮ. ಹಿಂದ್ ಹಿಂದಕ್ಕೆ ನಡೀಲಿ, ಮುಖ ಬಲಕ್ಕೇ ಇರುತ್ತಲ್ಲ ಅಂತ. ಭಟ್ಟರು ಯೋಚನೆಗೆ ಬಿದ್ರು. ಪ್ರದಕ್ಷಿಣೆ ಅನ್ನೋದು ಮುಖದ ಲೆಕ್ಕವೋ ಕಾಲಿನ ಲೆಕ್ಕವೋ ಅಂತ ಅವರ ಗುರುಗಳಿಗೆ ಫೋನ್ ಮಾಡಿದಾರೆ. ಅವರು ಎತ್ತುತ್ತಿಲ್ಲ."

"ನಾನೂ ಹೇಳ್ದೆ," ಎಂದಳು ಯಲ್ಲವ್ವ. "ವೈರು ಹಂಗ ಇರ್ಲಿ, ಗುಡೀನ ಮೂರು ಸುತ್ತು ತಿರುಗಿಸಿಬಿಡ್ರಿ ಅಂತ. ಎಲ್ಲಾರೂ ನನ್ನ ಮ್ಯಾಲೇ ರೇಗಿದ್ರು."

ಸೀತಮ್ಮ ನಗಲಿಲ್ಲ. ಅವಳು ಬಿಗಿದ ವೈರನ್ನೇ ನೋಡುತ್ತಿದ್ದಳು. ಅದರ ಆ ತುದಿಯಲ್ಲಿ ಅವಳ ಗಂಡ. ಎದ್ದು ಹೋಗುವಂತಿಲ್ಲ, ಪೇಪರು ತೆಗೆದು ಮುಖಕ್ಕೆ ಹಿಡಿಯುವಂತಿಲ್ಲ, ಎರಡು ಕಿವಿಯೂ ವೈರಿನಲ್ಲೇ. ಮದುವೆಯಾದಾಗಿನಿಂದ ಇಂಥ ಸಮಯ ಅವಳಿಗೆ ಸಿಕ್ಕಿರಲಿಲ್ಲ. ಅವಳು ಎದ್ದು ಬೀರುವಿನಿಂದ ರಾಜ್ಯೋತ್ಸವದ ಮೈಕು ತೆಗೆದಳು. ತಡವಿ ತಡವಿ ಆಂಪ್ಲಿಫೈಯರಿನ ಮುಂದಿನ ತೂತಿಗೆ ಚುಚ್ಚಿದಳು. ಊದಿದಳು.

"ರೀ."

ಕಿಟಕಿಯ ವೈರು ಎಗರಿ ಬಿತ್ತು.

"ನಾನು ಕಣ್ರೀ, ಸೀತ. ಹಾಡ್ತಿರೋರು ಒಂದು ನಿಮಿಷ ಕ್ಷಮಿಸ್ಲಿ. ಕಿವಿಯಿಂದ ಅದನ್ನ ತೆಗೀಬೇಡಿ. ನಾಡಿದ್ದು ಗುರುವಾರ ನನ್ನ ಕಣ್ಣಿನ ಆಪರೇಷನ್. ಇದನ್ನ ನಾನು ನಿಮಗೆ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಸುರಭಿ ಬರ್ತಾಳೆ, ಅದು ಸರಿ. ಆದ್ರೆ ನನಗೆ ಭಯ ಆಗುತ್ತೆ. ನೀವು ಬರ್ಬೇಕು. ಬಂದು ಹೊರಗಡೆ ಸುಮ್ನೆ ಕೂತಿದ್ರೆ ಸಾಕು. ಕೇಳಿಸ್ತಾ? ಕೇಳಿಸಿದ್ರೆ ವೈರು ಎಳೀರಿ."

ಕಾತ್ಯಾಯಿನಿ ಬಾಯಿಗೆ ಸೆರಗು ಹಿಡಿದು ನಿಂತಳು. ವೈರು ಅಲ್ಲಾಡಲಿಲ್ಲ.

"ಇಲ್ಲಿ ನೋಡಿ, ಹೂಂ ಅಂದ್ರೆ ನನಗೆ ಕೇಳಿಸಲ್ಲ," ಎಂದಳು ಸೀತಮ್ಮ. ಮೈಕನ್ನು ಇನ್ನಷ್ಟು ಹತ್ತಿರ ಹಿಡಿದು ಮುಂದುವರಿಸಿದಳು. ಸುರಭಿ ಹುಟ್ಟಿದ ದಿನ ಅವನು ಕನಕಪುರದ ಕಡೆ ಲೈನು ಸರಿ ಮಾಡಲು ಹೋಗಿದ್ದದ್ದು, ಅವಳ ತಾಯಿ ತೀರಿಕೊಂಡ ದಿನ ಕಂಬದ ಮೇಲಿದ್ದದ್ದು, ಊರಿಗೆಲ್ಲ ಮಾತು ಮುಟ್ಟಿಸಿದವನಿಗೆ ಮನೆಯ ಮಾತು ಮುಟ್ಟದಿದ್ದದ್ದು. ಪಟ್ಟು ಹಿಡಿದು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಹಗುರಾದಳು.

ಗೇಟು ಕಿರ್ ಅಂದಿತು. ಚಕ್ರಪಾಣಿ ಬರಿಗಾಲಲ್ಲಿ, ಕಿವಿಯ ಮೇಲೆ ಏನೂ ಇಲ್ಲದೆ ಬಾಗಿಲಲ್ಲಿ ನಿಂತಿದ್ದ.

"ಎಷ್ಟು ಗಂಟೆಗೆ?" ಎಂದ.

"ಏನು?"

"ಗುರುವಾರ. ಎಷ್ಟು ಗಂಟೆಗೆ ಹೋಗ್ಬೇಕು?"

"ಬೆಳಿಗ್ಗೆ ಎಂಟಕ್ಕೆ." ಸೀತಮ್ಮ ಮೈಕನ್ನು ಮಡಿಲಲ್ಲಿಟ್ಟುಕೊಂಡಳು. "ಕಛೇರಿ?"

"ನಡೀತಿದೆ. ಭಟ್ಟರ ತಲೆಗೆ ಹಾಕಿ ಬಂದೆ."

"ಯಾವಾಗ?"

"ನೀನು ಭಯ ಅಂದೆಯಲ್ಲ, ಆಗಲೇ ಹೊರಟೆ. ಚಪ್ಪಲಿ ಹುಡುಕ್ತಾ ತಡ ಆಯ್ತು. ಸಿಗ್ಲಿಲ್ಲ."

ಅಲ್ಲಿಂದ ಮುಂದಿನದನ್ನೆಲ್ಲ ಕೇಳಿದವರು ಗೌರೀಶಂಕರ ಭಟ್ಟರು. ಕನಕಪುರದ್ದು, ಕಂಬದ್ದು, ಒಂದೂ ಬಿಡದೆ. "ಅಮ್ಮಾ, ಅವರು ಹೊರಟಾಯ್ತು" ಎಂದು ಅವರು ಮೂರು ಸಲ ಕೈ ಮುಗಿದು ಹೇಳಿದರಂತೆ. ಹೆಡ್‌ಫೋನಿಗೆ ಹೇಳಿದ್ದು ಯಾರಿಗೆ ಕೇಳಬೇಕು? ಮಧ್ಯದಲ್ಲಿ ತೆಗೆದಿಡುವುದು ಹೆಣ್ಣುಮಕ್ಕಳಿಗೆ ಅಗೌರವ ಎಂದು ಕೊನೆಯವರೆಗೂ ತಲೆ ಬಗ್ಗಿಸಿ ಕೇಳಿ, ಆಮೇಲೆ ಮಹಾಮಂಗಳಾರತಿಯನ್ನು ಹೊಸ್ತಿಲೊಳಗಿನಿಂದಲೇ ಎತ್ತಿ, ವೈರಿನ ಸಂದಿನಿಂದ ತೀರ್ಥ ಕೊಟ್ಟು ಕಳುಹಿಸಿದರು. ಸಡಿಲವಾದ ವೈರಿನಡಿ ನುಸುಳಿ ಮನೆಗೆ ಹೋದವರೇ ಹೆಂಡತಿಗೆ "ನಿನಗೇನಾದ್ರೂ ಹೇಳೋದಿದ್ಯಾ?" ಎಂದು ಕೇಳಿದರಂತೆ. ಬೆಳಗಿನ ಪೂಜೆಗೆ ಅವರು ಬಂದಾಗ ನಿದ್ದೆಯಿಲ್ಲದ ಕಣ್ಣು ಕೆಂಪಗಿತ್ತು ಎಂದು ಯಲ್ಲವ್ವ ಬೀದಿಗೆಲ್ಲ ಹೇಳಿದಳು.

ಬುಧವಾರ ಚಕ್ರಪಾಣಿ ಜಾಕು ಕಿತ್ತು ಕೇಬಲ್ ಎಳೆದುಕೊಳ್ಳಲು ಹೋದ. ಆದರೆ ರಾತ್ರಿಯೇ ಯಾರೋ ಭಕ್ತರು ಗುಡಿಗೆ ಸೂತ್ರ ಸುತ್ತಿದ್ದಾರೆಂದು ತಿಳಿದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎರಡು ಕಡೆ ಹರಕೆಯ ಗಂಟು ಕಟ್ಟಿದ್ದರು. ಹರಕೆ ಬಿಚ್ಚಲು ಭಟ್ಟರು ಬಿಡಲಿಲ್ಲ. ಬಾಗಿಲ ಮುಂದಿನ ಎಳೆಗಳನ್ನು ಮೇಲಕ್ಕೆ ಸರಿಸಿ ತೋರಣದ ಮೊಳೆಗೆ ಸಿಕ್ಕಿಸಲು ಮಾತ್ರ ಒಪ್ಪಿದರು. ಚಕ್ರಪಾಣಿ ಹೆಡ್‌ಫೋನನ್ನು ಬಿಡಿಸಿಕೊಂಡು ಸುಮ್ಮನೆ ಬಂದ.

ಗುರುವಾರ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದ. ಸುರಭಿ ತಿಂಡಿಗೆ ಕರೆದರೂ ಏಳಲಿಲ್ಲವಂತೆ. ಸಂಜೆ ಪಿಟೀಲು ಕಛೇರಿಯ ಹೊತ್ತಿಗೆ ಅವನು ಸೀತಮ್ಮನ ಕಣ್ಣಿಗೆ ಹನಿ ಹಾಕುತ್ತಿದ್ದ, ಮೂರು ಹನಿಯಲ್ಲಿ ಎರಡು ಕೆನ್ನೆಗೆ ಬಿದ್ದವು.

ನೂರು ಮೀಟರು ಕೇಬಲ್ ಹೋಯಿತು. ಒಂದು ಜೊತೆ ಚಪ್ಪಲಿ ಹೋಯಿತು. ಸೀತಮ್ಮನಿಗೆ ಬಲಗಣ್ಣು ಬಂತು.