ಉಯ್ಯಾಲೆ ಸಮೇತ ಮಾರಿದ ಮನೆ

ವಡೋದರಾದ ಅರ್ಧ ಊರಿಗೆ ಮನೆ ಕೊಡಿಸಿದೋಳು ನಾನು. ಆಯ್ತಮ್ಮ ನಿಶ್ಚಿತಾ, ಹಾಗೆ ನಗಬೇಡ. ಕೊಡಿಸ್ತಿದ್ದೋನು ಸೀತಾರಾಮ. ಎದುರುಮನೆ ಶಾರದಾ ಅಂತ ನಾನು ಬಾಲದ ಹಾಗೆ ಹೋಗಿ, ಮಾರೋರ ಮನೇಲಿ ಚಹಾ ಕುಡಿದು ಬರ್ತಿದ್ದೆ. ಆದ್ರೆ ಅವನು ಸತ್ತ ದಿನ, ಅವನನ್ನ ನೀನೀಗಿರೋ ಈ ಮನೆಯಿಂದ ಇಳಿಸೋ ದಾರಿ ಹೇಳಿದ್ದು ಮಾತ್ರ ನಾನೇ. ಬಾಡಿಗೆ ಸಾಕು, ಸ್ವಂತ ಮನೆ ನೋಡ್ತೀನಿ ಅಂತೀಯಲ್ಲ, ಕೂತ್ಕೋ ಉಯ್ಯಾಲೆ ಮೇಲೆ.

ಚಟ್ಟ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕ್ಕೊಂಡಿತ್ತು. ಖಾಲಿ ಚಟ್ಟ ಕಣೇ, ಇನ್ನೂ ಮೇಲಕ್ಕೆ ತರ್ತಿದ್ರು. ಬಿದಿರು ಗೋಡೆಗೆ ಕುಟ್ಟಿ ಸುಣ್ಣ ಉದುರ್ತು. ಲಿಫ್ಟ್ ನೋಡಿದ್ದೀಯಲ್ಲ? ನಾನೂ ನನ್ನ ತರಕಾರಿ ಚೀಲಾನೂ ಒಟ್ಟಿಗೆ ಹೋದ್ರೆ ಒಬ್ಬರು ಉಸಿರು ಬಿಗಿ ಹಿಡೀಬೇಕು.

ಸೂರತ್‌ನಿಂದ ಬಂದಿದ್ದ ಸೀತಾರಾಮನ ತಮ್ಮ ಗಿರಿಧರ ಬೆವರು ಒರೆಸ್ಕೊಂಡು ಅಂದ, "ಅತ್ತಿಗೆ, ಬೆಡ್‌ಶೀಟ್‌ನಲ್ಲಿ ಸುತ್ತಿ ಇಳಿಸ್ಬಿಡೋಣ. ಕೆಳಗೆ ಹೋಗಿ ಚಟ್ಟಕ್ಕೆ ಹಾಕಿದ್ರಾಯ್ತು."

"ಮೂಟೆ ಥರಾನಾ?" ನಳಿನಿ ತಲೆ ಎತ್ತಿದ್ಲು. ಅಲ್ಲೀವರೆಗೂ ಗಂಡನ ಕಾಲ ಹತ್ರ ಕೂತಿದ್ಲು. "ಬೇಡ. ನೆಟ್ಟಗೆ ಮಲಗಿಸೇ ಕರ್ಕೊಂಡು ಹೋಗ್ಬೇಕು."

ಹಿಂದೆ ಯಾರೋ ಪಿಸುಗುಟ್ಟಿದ್ರು, "ಊರ ಮೆಟ್ಟಿಲೆಲ್ಲಾ ಅಳೆದೋನು, ತನ್ನದೇ ಬಿಟ್ಟ ನೋಡಿ."

*

ಸೀತಾರಾಮ ಕೊಯಾಲಿ ರಿಫೈನರೀಲಿ ಗುಮಾಸ್ತ. ಕನ್ನಡದೋರು ಯಾರೇ ಮನೆ ನೋಡೋಕೆ ಹೊರಟ್ರೂ ಮುಂದೆ ಇವನ ಸ್ಕೂಟರ್.

"ಹೊಸ ಪೇಂಟ್ ವಾಸನೆ ಬಂತಾ, ಗೋಡೆಗೆ ಕೈ ಇಡಿ, ತೇವ ಮುಚ್ಚಿರ್ತಾರೆ," ಅನ್ನೋನು. "ನೀರಿನ ಮಾತು ಬ್ರೋಕರ್‌ನ ಕೇಳಬೇಡಿ, ಪಾತ್ರೆ ತೊಳೆಯೋಳನ್ನ ಕೇಳಿ. ಏನೇನು ಬಿಟ್ಟು ಹೋಗ್ತಾರೋ ಕರಾರಲ್ಲಿ ಬರೆಸಿ. ಇಲ್ಲಿನೋರು ಮನೆ ಬಿಟ್ಟಾರು, ಉಯ್ಯಾಲೆ ಬಿಡಲ್ಲ." ಆಮೇಲೆ ದನಿ ತಗ್ಗಿಸಿ, "ಮೆಟ್ಟಿಲ ತಿರುವು ನೋಡಿ. ಮಲಗಿರೋ ಮನುಷ್ಯ ಇಳೀಬೇಕು." ಹೆಂಗಸರು "ಥೂ, ಶುಭ ನುಡಿಯಪ್ಪಾ" ಅಂತ ಬೈಯೋರು.

ಈ ಮನೆ ನೋಡೋಕೆ ಬಂದಾಗ ನಳಿನಿ ಇಲ್ಲೇ ತೂಗ್ತಿದ್ದ ಸಾಗುವಾನಿ ಹಲಗೆ ಮೇಲೆ ಕೂತು, ಕಾಲ್ಬೆರಳಲ್ಲಿ ನೆಲ ಒತ್ತಿದ್ಲು. ಕ್ವಾರ್ಟರ್ಸ್‌ನಲ್ಲೇ ಜನ್ಮ ಸವೆಸಿದೋಳು. ಅವಳು ನಕ್ಕಿದ್ದು ಕೊಯಾಲಿವರೆಗೂ ಕೇಳಿಸಿರಬೇಕು. ಸೀತಾರಾಮ ಗೋಡೆ ಮುಟ್ಟಿದ, ಪಾತ್ರೆಯೋಳನ್ನ ಕೇಳಿದ, ಉಯ್ಯಾಲೆ ಬರೆಸ್ಕೊಂಡ. ಹೆಂಡತಿ ಮುಖ ನೋಡ್ತಾ ಮೆಟ್ಟಿಲು ನೋಡೋದು ಮರೆತ.

ಮಂಡಿ ಕೈಕೊಟ್ಟ ಮೇಲೆ ನೆಲಮಹಡಿ ಮನೆಗೆ ಹೋಗೋಣ ಅಂತ ಇದನ್ನ ಪೂರ್ವಿಬೆನ್‌ಗೆ ಮಾರಿದ. ಹೂಂ, ನಿನ್ನ ಓನರ್ರೇ. "ಉಯ್ಯಾಲೆ, ಹಲಗೆ ಸರಪಳಿ ಸಮೇತ" ಅಂತ ಕರಾರಲ್ಲಿ ತಾನೇ ಬರೆದುಕೊಟ್ಟ. ಬೀಗದ ಕೈ ಕೊಡೋ ಮುಂಚೆ ಹೋಗೇಬಿಟ್ಟ.

*

"ಉಯ್ಯಾಲೆ ಹಲಗೆ ಬಿಚ್ಚಿ," ಅಂದೆ ನಾನು. "ಅದಕ್ಕೆ ಕಟ್ಟಿ, ತಿರುವಿನಲ್ಲಿ ನೆಟ್ಟಗೆ ನಿಲ್ಲಿಸ್ಕೊಂಡು ಇಳಿಸಿ."

ಗಿರಿಧರ ಕೊಂಡಿಗೆ ಕೈ ಹಾಕ್ದ.

"ಮುಟ್ಟಬೇಡ," ಅಂದ್ಲು ನಳಿನಿ. "ಅದು ನಮ್ಮದಲ್ಲ, ಪೂರ್ವಿಬೆನ್‌ದು."

"ಕೆಳಗೆ ಗಾಡಿ ಕಾಯ್ತಿದೆ, ಈಗ ಕರಾರು ಅಂತೀರಲ್ಲ ಅತ್ತಿಗೆ!"

"ಊರಿಗೆಲ್ಲಾ ಹೇಳಿದೋರು ಅವರು. ಅವರ ಮಾತು ಇವತ್ತೇ ಮುರೀಲಾ? ಫೋನ್ ಮಾಡು."

ಪೂರ್ವಿ ಓಡಿ ಬಂದ್ಲು, ಒಂದೊಂದು ಕಾಲಿಗೆ ಒಂದೊಂದು ಥರದ ಚಪ್ಪಲಿ. ವಿಷಯ ಕೇಳಿ ಅಲ್ಲೇ ನಿಂತ್ಲು. ಗೃಹಪ್ರವೇಶದ ದಿನ ಅವಳತ್ತೆ ಮೊದಲು ಆ ಉಯ್ಯಾಲೆ ಮೇಲೆ ಕೂರಬೇಕು ಅಂತ ಮಾತಾಗಿತ್ತು.

"ಮಾಸಿ, ಹೆಣ ಇಳಿದ ಹಲಗೆ ಅಂದ್ರೆ ನಮ್ಮತ್ತೆ..."

"ಬೇರೆ ಹಲಗೆ ಮಾಡಿಸಿ, ತೂಗುಹಾಕಿಸೇ ಬೀಗದ ಕೈ ಕೊಡ್ತೀನಿ ಮಗಳೇ," ಅಂದ್ಲು ನಳಿನಿ.

 ಪೂರ್ವಿ ಸೀತಾರಾಮನ ಮುಖ ಒಂದು ಯುಗ ನೋಡಿದ್ಲು. ಆಮೇಲೆ ಬಗ್ಗಿ, ತಾನೇ ಕೊಂಡಿ ಬಿಚ್ಚಿದ್ಲು. "ಲಯೀ ಜಾವ್, ಮಾಸಿ." ಕರ್ಕೊಂಡು ಹೋಗಿ ಅಂತ.

ಹಗ್ಗ ಬಿಗಿದು ಕಟ್ಟಿದ್ರು. ತಿರುವಿನಲ್ಲಿ ಹಲಗೆ ನಿಲ್ಲಿಸಿದಾಗ ಸೀತಾರಾಮ ಗೋಡೆಗೆ ಮುಖ ಕೊಟ್ಟು ನಿಂತ, ಥೇಟ್ ತೇವ ಇದೆಯಾ ಅಂತ ನೋಡ್ತಿರೋ ಹಾಗೆ.

"ಅಣ್ಣ ಕೊನೆಗೂ ಮೆಟ್ಟಿಲು ನೋಡಿದ," ಅಂತ ಗಿರಿಧರ ನಗೋಕೆ ಹೋಗಿ ಗೋಳೋ ಅಂದ. ನಳಿನಿ ಹಿಂದೆ ಒಂದೊಂದೇ ಮೆಟ್ಟಿಲು ಇಳೀತಿದ್ಲು, ಬೆನ್ನು ನೆಟ್ಟಗೆ.

ಕೆಳಗೆ ಅವನನ್ನ ಚಟ್ಟಕ್ಕೆ ಹಾಕಿ ಗಾಡೀಲಿ ಒಯ್ದ್ರು. ಗಂಡಸರೆಲ್ಲಾ ಹೋದ್ಮೇಲೆ ಪಾರ್ಕಿಂಗ್‌ನಲ್ಲಿ ಉಳಿದೋರು ನಾವು ಮೂರೇ ಹೆಂಗಸರು. ಗೋಡೆಗೆ ಒರಗಿದ್ದ ಹಲಗೇಲಿ ಒಂದು ಚೆಂಡುಹೂ ಅಂಟ್ಕೊಂಡಿತ್ತು. ಪೂರ್ವಿ ವಾಚ್‌ಮನ್ ಕೈಯಿಂದ ನೀರಿನ ಪೈಪ್ ಇಸ್ಕೊಂಡು ನಳಿನಿ ಕಡೆ ನೋಡಿದ್ಲು.

ಯಾಕೇ ಹುಡುಗಿ, ಕಾಲು ಊರಿ ಉಯ್ಯಾಲೆ ನಿಲ್ಲಿಸ್ಬಿಟ್ಟೆ? ಅಂಚಿನ ಅಡಿಗೆ ಬೆರಳಾಡಿಸು. ಹಗ್ಗ ಉಜ್ಜಿದ ಗೀರು ಇದೆಯಾ, ಹೊಸ ಹಲಗೆ ಥರ ನುಣ್ಣಗಿದೆಯಾ? ನಾನ್ಯಾಕೆ ಹೇಳ್ಲಿ, ಆಮೇಲೇನಾಯ್ತು ಅಂತ ನೀನೇ ಹೇಳು.